ಸೇತುವೆ ಬರುವತನಕ ಮಾತಿಲ್ಲ

ಕಾರಿನ ಎಸಿ ತಣ್ಣಗೆ ಬೀಸದಿದ್ದರೆ ಜಗತ್ತಿನ ಎಲ್ಲರಿಗೂ ಗೊತ್ತಿರುವುದು ಒಂದೇ ಮಾತು: "ಗ್ಯಾಸ್ ಮುಗದದ." ಕಾರಿನ ಮಾಲಕನಿಗೂ ಗೊತ್ತು, ಡ್ರೈವರನಿಗೂ ಗೊತ್ತು, ಜೀವಮಾನದಲ್ಲಿ ಕಾರು ಹತ್ತದೆ ಚಹಾದಂಗಡಿಯ ಬಾಕಿನ ಮೇಲೆ ಬಸ್ಸಿಗೆ ಕಾಯುತ್ತ ಕೂತ ಮುದುಕನಿಗೂ ಗೊತ್ತು. ಈ ಮಾತು ಬಿದ್ದರೆ ಸಾಕು, ಜೇವರ್ಗಿಯ ರಾಜೇಸಾಬನ ಪಿತ್ತ ನೆತ್ತಿಗೇರುತ್ತಿತ್ತು.

"ಗ್ಯಾಸ್ ಏನು ಪೆಟ್ರೋಲ್ ಏನ್ರಿ, ಸುಟ್ಟು ಮುಗ್ಯಾಕ? ಹೋಗ್ಯಾದ ಅಂದ್ರ ಎಲ್ಲ್ಯೋ ತೂತು ಬಿದ್ದದ. ತೂತು ಹುಡುಕದ ಗ್ಯಾಸ್ ತುಂಬಾವ ಮೆಕ್ಯಾನಿಕ್ ಅಲ್ರಿ, ಸೋರೂ ಕೊಡಕ್ಕ ನೀರು ಹೊಯ್ಯಾವ!"

ಹಾಗೆ ಬೈಯುತ್ತಲೇ ಅವನು ಕೈ ಒರೆಸಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದ. ಬಾನೆಟ್ ಎತ್ತುವುದು ಆಮೇಲಿನ ಮಾತು. ಮೊದಲು ಕಿಟಕಿಯ ಗಾಜು ಏರಿಸಿ, ಎಸಿ ಹಾಕಿ, ಕಲಬುರಗಿ ರಸ್ತೆ ಹಿಡಿದು ಕಟ್ಟಿ ಸಂಗಾವಿಯ ಭೀಮಾ ಸೇತುವೆಯ ತನಕ ಹೋಗಿ ಬರಬೇಕು. ಕಾರಿನಲ್ಲಿ ಇದ್ದವರೆಲ್ಲ ಬರಬೇಕು, ಏಕೆಂದರೆ ಖಾಲಿ ಗಾಡಿಯ ಬೇನೆಯೇ ಬೇರೆ, ತುಂಬಿದ ಗಾಡಿಯ ಬೇನೆಯೇ ಬೇರೆ. ಮತ್ತು ಸೇತುವೆ ಬರುವತನಕ ಒಬ್ಬರೂ ತುಟಿ ಬಿಚ್ಚಬಾರದು. ಅಷ್ಟು ಹೊತ್ತು ರಾಜೇಸಾಬ ಕಣ್ಣು ಮುಚ್ಚಿ ಕೇಳುತ್ತಿದ್ದ. ಸೇತುವೆಯ ಹತ್ತಿರ ಗಾಡಿ ನಿಂತಾಗ ಕಣ್ಣು ತೆರೆದು, ಇಂಥ ಕಡೆ ಇಂಥದ್ದು ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಅವನನ್ನು ಬರೀ ರಾಜೇಸಾಬ ಎಂದವರು ಕಡಿಮೆ. ಅವನು ಕಿವಿ ರಾಜೇಸಾಬ.

ಅವನ ಊರು ಅಫಜಲಪುರ ತಾಲೂಕಿನ ಗೊಬ್ಬೂರ. ಅಪ್ಪ ಬರ್ಫ ಮಾರುತ್ತಿದ್ದ. ಸೊಲ್ಲಾಪುರದಿಂದ ಬಸ್ಸಿನ ಟಾಪಿನ ಮೇಲೆ ಕಟ್ಟಿಗೆಯ ಹುಡಿಯಲ್ಲಿ ಹುಗಿದು ಬರುತ್ತಿದ್ದ ಬರ್ಫದ ಗಡ್ಡೆ ಅಫಜಲಪುರ ಮುಟ್ಟುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಉಳಿದ ಅರ್ಧವನ್ನು ಕೆರೆದು ಕೆಂಪು ಶರಬತ್ತು ಸುರಿದು ಮಾರಬೇಕು. ಆ ಥಂಡಿ ಎಲ್ಲಿಂದ ಬರುತ್ತದೆ ಎಂದು ತಿಳಿಯುವ ಹುಚ್ಚು ಹಿಡಿದು ರಾಜೇಸಾಬ ಹದಿನಾರನೇ ವಯಸ್ಸಿಗೆ ಅದೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದ. ಅಲ್ಲಿ ಅಮೀರ ಉಸ್ತಾದ ಎಂಬ ಫ್ರಿಜ್ ರಿಪೇರಿಯವನು ಸಿಕ್ಕ. ಉಸ್ತಾದ ಕಲಿಸಿದ ಮೊದಲ ಪಾಠ ಇದು: ಸ್ಕ್ರೂ ಡ್ರೈವರಿನ ತುದಿಯನ್ನು ಕಂಪ್ರೆಸರ್ ಮೇಲಿಡು, ಹಿಡಿಕೆಯನ್ನು ಕಿವಿಗೆ ಒತ್ತು, ಉಸಿರು ಬಿಗಿಹಿಡಿ. ಹನ್ನೆರಡು ವರ್ಷ ರಾಜೇಸಾಬ ಹಾಗೆ ಉಸಿರು ಬಿಗಿಹಿಡಿದೇ ವಿದ್ಯೆ ಕಲಿತ. ಆಮೇಲೆ ಖಾಸೀಂಬಿಯನ್ನು ಮದುವೆಯಾದ. ಅವಳ ತವರು ಕಟ್ಟಿ ಸಂಗಾವಿ. ಮಗಳನ್ನು ದೂರ ಕಳಿಸುವುದಿಲ್ಲ ಎಂದು ಮಾವ ಹಟ ಹಿಡಿದದ್ದರಿಂದ ಜೇವರ್ಗಿಯಲ್ಲಿ, ಕಲಬುರಗಿ ರಸ್ತೆಯ ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ಡು ಎದ್ದಿತು. ಶೆಡ್ಡಿನ ಪಕ್ಕದಲ್ಲೇ ಮನೆ, ಮನೆಯ ಮುಂದೆ ಖಾಸೀಂಬಿಯ ಒಲೆ. ಅವಳು ರೊಟ್ಟಿ ಬಡಿಯುತ್ತ ಕೂತರೆ ಇಡೀ ಶೆಡ್ಡು ಕಣ್ಣಳತೆಯಲ್ಲಿರುತ್ತಿತ್ತು.

ಆಗ ಈ ಕಡೆ ಕಾರುಗಳೇ ಬೆರಳೆಣಿಕೆ. ಅದರಲ್ಲಿ ಎಸಿ ಇದ್ದವು? ಕೇಳಲೇಬೇಡಿ. ಮೂರು ವರ್ಷ ರಾಜೇಸಾಬ ಫ್ರಿಜ್ಜು, ಕೂಲರು, ಐಸ್‌ಕ್ಯಾಂಡಿ ಡಬ್ಬಿ ರಿಪೇರಿ ಮಾಡುತ್ತ ಕಾಲ ಹಾಕಿದ. ಕೊನೆಗೆ ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಆಳಂದ ತಾಲೂಕಿನ ನಿಂಬರ್ಗಾದಿಂದ ಮಲ್ಲಣ್ಣ ಸಾವಕಾರನ ಉದ್ದನೆಯ ಬೂದು ಬಣ್ಣದ ಕಾರು ಬಂತು.

ಮಲ್ಲಣ್ಣ ತೊಗರಿಯ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಮುಂಬೈಯಿಂದ ಆ ಕಾರು ತಂದ ದಿನ ನಿಂಬರ್ಗಾದ ಅರ್ಧ ಊರು ಅವನ ಮನೆಯ ಮುಂದೆ ಸಾಲು ನಿಂತಿತ್ತಂತೆ. ಒಳಗೆ ನಾಲ್ಕು ನಾಲ್ಕು ಜನ ಕೂರುವುದು, ಎರಡು ನಿಮಿಷ ಥಂಡಿ ತಿಂದು ಇಳಿಯುವುದು. ಇಳಿದವರು ಹೊರಗಿನ ಉರಿಬಿಸಿಲಿಗೆ ಹೌಹಾರಿ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲುವುದು. ಒಬ್ಬ ಅಜ್ಜಿ ಎರಡೇ ನಿಮಿಷಕ್ಕೆ ನಡುಗಿ, "ಯಪ್ಪಾ, ಕೌದಿ ಕೊಡ್ರೋ!" ಎಂದು ಕೂಗಿದ್ದಳು. ಅಂದಿನಿಂದ ಆ ಕಾರಿಗೆ ಊರಲ್ಲಿ 'ಥಂಡಿ ಗಾಡಿ' ಎಂದೇ ಹೆಸರು. ರಾಜೇಸಾಬ ಇದನ್ನು ಕಣ್ಣಾರೆ ಕಂಡವನಲ್ಲ, ಆದರೂ ಸಾವಿರ ಸಲ ಹೇಳಿ ಹೇಳಿ ತಾನೇ ಆ ಸಾಲಿನಲ್ಲಿ ನಿಂತಿದ್ದೆ ಎನ್ನುವಷ್ಟು ನೆನಪು ಮಾಡಿಕೊಂಡಿದ್ದ.

ಥಂಡಿ ಗಾಡಿಗೆ ಒಂದು ವಿಚಿತ್ರ ಬೇನೆ ಹತ್ತಿತ್ತು. ಮನೆ ಬಿಟ್ಟಾಗ ಹಿಮಾಲಯ, ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಒಲೆ. ಸಿಟ್ಟಿನಿಂದ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಹಿಮಾಲಯ. ಯಾವ ಮೆಕ್ಯಾನಿಕನ ಮುಂದೆ ನಿಲ್ಲಿಸಿದರೂ ಅದು ಒಳ್ಳೆಯ ಸೊಸೆಯ ಹಾಗೆ ತಣ್ಣಗೆ ಇರುತ್ತಿತ್ತು. ಎಲ್ಲರೂ ಗ್ಯಾಸ್ ತುಂಬಿ ಕಳಿಸಿದ್ದರು. ರಾಜೇಸಾಬ ಯೋಚನೆ ಮಾಡಿ, "ಓಡುವಾಗ ಕೆಡೂ ಗಾಡೀನ ಓಡಸೇ ನೋಡಬೇಕ್ರಿ" ಎಂದು ಹಿಂದೆ ಹತ್ತಿ ಕೂತ. ಆದರೆ ಕೇಳುವುದು ಹೇಗೆ? ಮುಂದೆ ಮಲ್ಲಣ್ಣ ತೊಗರಿಯ ಪುರಾಣ ಹೇಳುತ್ತಿದ್ದಾನೆ, ಪಕ್ಕದಲ್ಲಿ ಅವನ ಹೆಂಡತಿ ಗುರುಬಾಯಿ ನಾದಿನಿಯನ್ನು ಬೈಯುತ್ತಿದ್ದಾಳೆ, ನಡುವೆ ಮಕ್ಕಳ ಜಗಳ. ಕೊನೆಗೆ ತಾಳದೆ ಕೈ ಮುಗಿದ. "ಸಾವಕಾರ್ರೆ, ತಪ್ಪು ತಿಳೀಬ್ಯಾಡ್ರಿ. ಸೇತುವಿ ಬರೂತನಕ ಯಾರೂ ಮಾತಾಡಬ್ಯಾಡ್ರಿ."

ಮಲ್ಲಣ್ಣನ ಬಾಯಿ ಮುಚ್ಚಿಸಿದವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಅವನು ತಬ್ಬಿಬ್ಬಾಗಿ ಸುಮ್ಮನಾದ. ಆ ಮೌನದಲ್ಲಿ ರಾಜೇಸಾಬನಿಗೆ ಗಾಳಿಯ ಸದ್ದು ನಿಧಾನಕ್ಕೆ ಮೂಗು ಕಟ್ಟಿದವನ ಉಸಿರಿನ ಹಾಗೆ ಆಗುವುದು ಕೇಳಿಸಿತು. ಸೇತುವೆಯ ಹತ್ತಿರ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ತಗಡು ಬಿಚ್ಚಿ ತೋರಿಸಿದ: ಒಳಗಿನ ಜಾಳಿಗೆ ಬರ್ಫ ಕಟ್ಟಿ ಗಾಳಿಯ ದಾರಿಯೇ ಮುಚ್ಚಿಹೋಗಿದೆ. ಥಂಡಿ ಸಾಕು ಎಂದು ಹೇಳಬೇಕಾದ ಪುಟ್ಟ ಪುರ್ಜೆ ಸತ್ತಿತ್ತು, ಅಷ್ಟೇ. ಮಕ್ಕಳು ಆ ಬರ್ಫ ಕೆರೆದು ಒಬ್ಬರ ಮೇಲೊಬ್ಬರು ಎರಚಿದರು. ಮಲ್ಲಣ್ಣ ಊರಿಗೆ ಹೋಗಿ ಡಂಗುರ ಸಾರಿದ: "ಜೇವರ್ಗ್ಯಾಗ ಒಬ್ಬ ಅದಾನ. ಕಿವೀಲೆ ನೋಡ್ತಾನ!"

ಆಮೇಲಿನ ವರ್ಷಗಳು ಹಬ್ಬ. ಭೂಸನೂರಿನ ಕಬ್ಬಿನ ರೈತನೊಬ್ಬನ ಜೀಪಿನಲ್ಲಿ ಬೆಲ್ಲದ ಹನಿಗೆ ಬಂದ ಇರುವೆಗಳು ಸ್ವಿಚ್ಚಿನ ಡಬ್ಬಿಯೊಳಗೆ ಸಂಸಾರ ಹೂಡಿ ಎಸಿ ಬಂದ್ ಮಾಡಿದ್ದನ್ನು ಅವನು 'ಚಿರ್' ಎಂಬ ಒಂದು ಸದ್ದಿನಿಂದ ಹಿಡಿದ. ಜೋಳದ ಚೀಲಗಳ ಪಕ್ಕದಲ್ಲಿ ಮಲಗುತ್ತಿದ್ದ ಕಾರಿನ ಗಾಳಿಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿದ್ದನ್ನು ಹಿಡಿದ. ಮತ್ತು ಆ ಸೇತುವೆಯ ತನಕದ ಮೌನ! ಒಂದೇ ಮನೆಯಲ್ಲಿದ್ದೂ ಒಂದು ಘಳಿಗೆ ಜೊತೆಗೆ ಸುಮ್ಮನೆ ಕೂರದವರು ಅಲ್ಲಿ ಕೂತರು. ಗಂಡನ ಮನೆಗೆ ಹೊರಟ ಹುಡುಗಿಯೊಬ್ಬಳು ಆ ಮೌನದಲ್ಲಿ ಬಿಕ್ಕಿದ್ದು ಅವಳ ಅಪ್ಪನಿಗೆ ಕೇಳಿಸಿ, ಅವನು ಗಾಡಿ ತಿರುಗಿಸಿ ಮಗಳನ್ನು ಇನ್ನೂ ಎಂಟು ದಿನ ಮನೆಯಲ್ಲಿಟ್ಟುಕೊಂಡ. ಇಂಥವನ್ನೆಲ್ಲ ರಾಜೇಸಾಬ ಊಟದ ಹೊತ್ತಿಗೆ ಖಾಸೀಂಬಿಗೆ ಹೇಳಬೇಕು, ಅವಳು ರೊಟ್ಟಿ ಮುರಿಯುತ್ತ ಕೇಳಬೇಕು. ಅಂಥ ಸುಖದ ದಿನಗಳು ಮತ್ತೆ ಬರುವುದಿಲ್ಲ ಬಿಡಿ.

ಅರವತ್ತು ದಾಟಿದ ಮೇಲೆ ಆ ಕಿವಿ ಕೈಕೊಟ್ಟಿತು. ಮೊದಲು ಹೋದದ್ದು ಕಂಪ್ರೆಸರ್ ಚಾಲೂ ಆಗಿ ಹತ್ತುವಾಗ, ಬಂದಾಗಿ ಬಿಡುವಾಗ ಆಗುವ 'ಟಿಕ್' ಸದ್ದು. ಅದೇ ಅವನ ವಿದ್ಯೆಯ ಅರ್ಧ. ಆಮೇಲೆ ಸೋರುವ ಗ್ಯಾಸಿನ 'ಸುಂಯ್' ಹೋಯಿತು. ಆಮೇಲೆ ಜನರ ಮಾತಿನ ಕೊನೆಗಳು ಹೋದವು. ಕಂಪ್ರೆಸರುಗಳಿಗೆ ತಲೆ ತಾಗಿಸಿ ಕೂತ ನಲವತ್ತು ವರ್ಷದ ಫಲ ಎಂದು ಯಾವ ಡಾಕ್ಟರನಾದರೂ ಹೇಳುತ್ತಿದ್ದ, ಆದರೆ ಹೋಗಬೇಕಲ್ಲ? ಅವನು ಹೋಗಲಿಲ್ಲ. "ಈಗಿನ ಮಂದಿ ಬಾಯಾಗ ಗುಟಕಾ ಇಟಗೊಂಡು ಮಾತಾಡ್ತಾರ, ಏನು ತಿಳೀತದ?" ಎಂದು ಊರವರನ್ನೇ ಬೈದ. ನಾಲ್ಕು ಜನ ನಕ್ಕಾಗ ತಾನೂ ನಕ್ಕ. ಕಿವಿ ರಾಜೇಸಾಬ ಕಿವಿಗೆ ಮಷೀನು ಹಾಕಿಕೊಂಡು ಕೂತರೆ ಯಾರು ಗಾಡಿ ಹತ್ತಿಸಿಕೊಂಡಾರು? ರಸ್ತೆಯ ಆಚೆ ಅರ್ಫಾತನ ಹೊಸ ಅಂಗಡಿ ಇತ್ತು, ಗಾಜಿನ ಬಾಗಿಲು, ಬಣ್ಣಬಣ್ಣದ ಮೀಟರುಗಳು. ಅರ್ಫಾತ ಒಳ್ಳೆಯ ಹುಡುಗ, ಸಲಾಂ ತಪ್ಪಿಸುತ್ತಿರಲಿಲ್ಲ, ಕೆಲಸವೂ ಗೊತ್ತಿತ್ತು. ಮೀಟರು ರಾಜೇಸಾಬನಲ್ಲೂ ಇದ್ದವು. ಆದರೆ ಜನ ರಸ್ತೆ ದಾಟದೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದದ್ದು ಅವನ ಕಿವಿಗಾಗಿ. ಅದು ಇಲ್ಲವೆಂದು ಗೊತ್ತಾದ ದಿನ ಅವನೂ ಇಲ್ಲ. ಹಾಗೆಂದು ಅವನು ನಂಬಿದ್ದ.

ಅಂಥ ದಿನಗಳಲ್ಲೇ ಖಾಸೀಂಬಿಗೆ ಇದ್ದಕ್ಕಿದ್ದಂತೆ ತವರಿನ ಪ್ರೀತಿ ಉಕ್ಕಿತು. ಕಾರು ಸೇತುವೆಯ ಕಡೆ ಹೊರಟಾಗೆಲ್ಲ ಒಲೆ ಆರಿಸಿ, ಸೆರಗು ಕೊಡವಿ, "ನಾನೂ ಬರ್ತೇನಿ, ನಮ್ಮ ಅಕ್ಕನ್ನ ನೋಡಿ ಬಾಳ ದಿನಾ ಆತು" ಎಂದು ಹತ್ತಿ ರಾಜೇಸಾಬನ ಎಡಕ್ಕೆ ಕೂರುತ್ತಿದ್ದಳು. ಮೊದಲನೇ ದಿನವೇ, ಎಲ್ಲರೂ ಸುಮ್ಮನೆ ಕೂತಿದ್ದಾಗ, ಅವಳ ಬೆರಳು ಅವನ ಅಂಗೈಯನ್ನು ಒಮ್ಮೆ ಒತ್ತಿತು. ಸ್ವಲ್ಪ ಹೊತ್ತಿಗೆ ಎರಡು ಸಲ. ಕಂಪ್ರೆಸರ್ ಹತ್ತಿತು, ಒಂದು. ಬಿಟ್ಟಿತು, ಎರಡು. ತಿಕ್ಕುವ ಸದ್ದಿಗೆ ಉಗುರಿನಿಂದ ಗೀರು. ಮೂವತ್ತು ವರ್ಷ ರೊಟ್ಟಿ ಬಡಿಯುತ್ತ ಆ ಶೆಡ್ಡಿನ ಪ್ರತಿ ಸದ್ದನ್ನೂ, ಪ್ರತಿ ಸದ್ದಿಗೆ ಗಂಡ ಹೇಳಿದ ರೋಗವನ್ನೂ ಕೇಳಿದವಳು ಅವಳು. ಕಲಿಯಲು ಇನ್ನೇನು ಬೇಕು? ರಾಜೇಸಾಬ ಕಣ್ಣು ಮುಚ್ಚಿಕೊಂಡೇ ಅಂಗೈ ಓದಿದ, ಸೇತುವೆಯ ಹತ್ತಿರ ಕಣ್ಣು ತೆರೆದು ರೋಗ ಹೇಳಿದ. ಮಂದಿ, "ಕಮಾಲ್ ಬಿಡ್ರಿ ಕಿವಿ!" ಎಂದರು. ಹೀಗೆ ಎರಡು ವರ್ಷ. ಗಂಡ ಹೆಂಡತಿ ಈ ಬಗ್ಗೆ ಒಂದು ದಿನವೂ, ಒಂದು ಮಾತೂ ಆಡಲಿಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಆಳಂದದಲ್ಲಿದ್ದ ಮಗಳು ಸಾಯಿರಾಳ ಹೆರಿಗೆಯಾಯಿತು. ಬಾಣಂತನಕ್ಕೆ ಖಾಸೀಂಬಿ ನಲವತ್ತು ದಿನ ಹೋಗಲೇಬೇಕಾಯಿತು. ಹೋಗುವಾಗ ಅವಳು ಎರಡೆರಡು ಸಲ ತಿರುಗಿ ನೋಡಿದಳು. ರಾಜೇಸಾಬ ಬೆನ್ನುನೋವಿನ ನೆಪ ಹೂಡಿ, ಸೇತುವೆಯ ಸವಾರಿ ಬಂದ್ ಮಾಡಿದ. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ ತೂತು ಹಿಡಿಯುವಂಥ, ಕಣ್ಣಿನ ಕೆಲಸಗಳನ್ನಷ್ಟೇ ಮಾಡಿದ. ಹನ್ನೆರಡು ದಿನ ಹೇಗೋ ಕಳೆದವು. ಹದಿಮೂರನೇ ದಿನ ಮುಂಜಾನೆ ಥಂಡಿ ಗಾಡಿ ಬಂದು ಬೇವಿನ ಮರದ ಕೆಳಗೆ ನಿಂತಿತು.

ಮಲ್ಲಣ್ಣನಿಗೆ ಈಗ ಎಂಬತ್ತು. ಕೋಲು ಹಿಡಿದಿದ್ದ, ಆದರೆ ಬಾಯಿ ಹಾಗೇ ಇತ್ತು. ಗುರುಬಾಯಿಯ ಕೂದಲು ಪೂರಾ ಬೆಳ್ಳಗಾಗಿತ್ತು. ಗಾಡಿ ನಡೆಸುತ್ತಿದ್ದವನು ಮಗ ಶಿವಪ್ರಕಾಶ, ಅಂದು ಬರ್ಫ ಎರಚಿದ ಮಕ್ಕಳಲ್ಲೊಬ್ಬ. ಈಗ ಅವನ ತಲೆಯೂ ಬೋಳು.

"ಕಾಕಾ, ನೀವೇ ಇವರಿಗೆ ತಿಳಸಿ ಹೇಳ್ರಿ," ಎಂದ ಶಿವಪ್ರಕಾಶ, ಇಳಿಯುತ್ತಲೇ. "ಗಾಡಿ ಓಡೂಮುಂದ ಥಂಡಿ ನಿಲ್ಲಂಗಿಲ್ಲ. ಐದಾರು ಮಂದಿ ನೋಡ್ಯಾರ. ಎಲ್ಲಾರೂ ಕಂಪ್ರೆಸರ್ ಹೋಗ್ಯಾದ ಅಂತಾರ. ಈ ಗಾಡಿ ಕಂಪ್ರೆಸರ್ ಈಗ ಎಲ್ಲೂ ಸಿಗಂಗಿಲ್ಲ. ನಾಳೆ ಗುಜರಿಯವ ಬರ್ತಾನ. ಮನ್ಯಾಗ ಹೊಸ ಗಾಡಿ ಅದ, ಅದರಾಗ ಕೂಡವಲ್ರು."

"ರಾಜೇಸಾಬ ಹೋಗ್ಯಾದ ಅಂದ್ರ ಹೋಗ್ಯಾದ," ಎಂದ ಮಲ್ಲಣ್ಣ. "ನಾ ಆವಾಗ ತಕರಾರು ಮಾಡಂಗಿಲ್ಲ. ಗುಜರಿಗೆ ಕೊಡು. ಆದ್ರ ಅವ ಕೇಳಿ ಹೇಳಬೇಕು."

ಅವನು ಇದನ್ನು ಕೂಗಿ ಹೇಳಿದ್ದರಿಂದ ರಾಜೇಸಾಬನಿಗೆ ಅಕ್ಷರಕ್ಷರವೂ ಕೇಳಿಸಿತು. ಬೆನ್ನುನೋವು ಎನ್ನಲು ಬಾಯಿ ತೆರೆದ. ಆದರೆ ಮಲ್ಲಣ್ಣನ ಮುಖ ನೋಡಿದ ಮೇಲೆ ಆ ಸುಳ್ಳು ಬಿಟ್ಟು ಬಾನೆಟ್ ಎತ್ತಿದ. ಮೀಟರು ಹಚ್ಚಿ ನೋಡಿದ. ಮುಂಜಾನೆಯ ನೆರಳಿನಲ್ಲಿ ಮುಳ್ಳುಗಳು ಇರಬೇಕಾದಲ್ಲೇ ಇದ್ದವು. ಮುಂದಿನ ಫ್ಯಾನು ತಿರುಗುತ್ತಿತ್ತು, ಬೆಲ್ಟು ಬಿಗಿಯಾಗಿತ್ತು. ಇನ್ನು ಉಳಿದದ್ದು ಸೇತುವೆಯ ದಾರಿಯೊಂದೇ. ಹಿಂದಿನ ಸೀಟಿನಲ್ಲಿ ಬಲಕ್ಕೆ ಗುರುಬಾಯಿ, ನಡುವೆ ಅವನು. ಎಡಕ್ಕೆ ಯಾರೂ ಇಲ್ಲ.

"ಖಾಸೀಂಬಿ ಎಲ್ಲಿ?" ಎಂದಳು ಗುರುಬಾಯಿ.

"ಹೌದ್ರಿ, ಬಾಳ ಬಿಸಲು," ಎಂದ ರಾಜೇಸಾಬ. ಗುರುಬಾಯಿ ಅವನ ಕಿವಿಯ ಕಡೆ ಒಂದು ಸಲ ನೋಡಿದಳು.

ಗಾಡಿ ಹೊರಟಿತು. ಯಾರೂ ಮಾತಾಡಲಿಲ್ಲ, ಮಲ್ಲಣ್ಣ ಅಂದಿನ ಹಾಗೆಯೇ ತುಟಿ ಬಿಗಿದು ಕೂತಿದ್ದ. ರಾಜೇಸಾಬ ಕಣ್ಣು ಮುಚ್ಚಿದ. ಒಳಗೆ ಬರೀ ಒಂದು ಮಂದವಾದ ಗೊಂಯ್ ಎನ್ನುವ ಶಬ್ದ, ಅದೂ ಗಾಡಿಯದೋ ತನ್ನ ತಲೆಯದೋ ತಿಳಿಯದು. ಮುಂದೆ ಚಾಚಿದ ಕೈಗೆ ಗಾಳಿ ತಣ್ಣಗೆ ತಾಗಿತು, ಆಮೇಲೆ ಬೆಚ್ಚಗಾಯಿತು, ಮತ್ತೆ ತಣ್ಣಗಾಯಿತು. ಏನೋ ಹತ್ತಿ ಬಿಡುತ್ತಿದೆ ಎಂದು ಕೈ ಹೇಳಿತು. ಯಾಕೆ ಎಂದು ಹೇಳಲಿಲ್ಲ. ಅವನ ಎಡಗೈ ತಾನಾಗಿಯೇ ಖಾಲಿ ಸೀಟಿನ ಮೇಲೆ ಅಂಗಾತ ಬಿದ್ದಿತ್ತು. ಕಣ್ಣು ತೆರೆದು ಅವನು ಅದನ್ನು ನೋಡಿಕೊಂಡ. ಎರಡು ವರ್ಷ ಮೂರು ತಾಲೂಕು ಹೊಗಳಿದ್ದು ಯಾರನ್ನು? ಶಾಬಾಸ್ ಎಂದಾಗ ಮೀಸೆ ತಿರುವಿದ್ದು ಯಾರು? ಪಕ್ಕದಲ್ಲಿ ಸೆರಗು ಹೊದ್ದು, ಅಕ್ಕನನ್ನು ನೋಡಲು ಹೊರಟವಳ ಹಾಗೆ ಕೂತಿದ್ದವಳಿಗೆ ಅವನು ಒಂದು ದಿನ 'ಚಲೋ ಆತು' ಎಂದೂ ಅನ್ನಲಿಲ್ಲ.

ಸೇತುವೆ ಬಂತು. ಶಿವಪ್ರಕಾಶ ಗಾಡಿ ಬದಿಗೆ ಹಾಕಿದ. ಮಲ್ಲಣ್ಣ ಕುತ್ತಿಗೆ ತಿರುಗಿಸಿ, "ಹ್ಞಾ, ಹೇಳಪಾ," ಎಂದ.

ಕಂಪ್ರೆಸರ್ ಹೋಗಿದೆ ಎಂದರೆ ಮುಗಿಯಿತು. ಎಲ್ಲರೂ ಅದನ್ನೇ ಹೇಳಿದ್ದಾರೆ, ಯಾರೂ ತಪ್ಪು ಹಿಡಿಯುವುದಿಲ್ಲ. ಗಾಡಿ ನಾಳೆ ಗುಜರಿಗೆ ಹೋಗುತ್ತದೆ, ಹೆಸರು ಉಳಿಯುತ್ತದೆ. ಆ ಮಾತು ಅವನ ನಾಲಿಗೆಯ ತುದಿಗೂ ಬಂತು. ಎಂಬತ್ತರ ಮುದುಕ ಚಿಕ್ಕ ಹುಡುಗನಂತೆ ಬಾಯಿ ನೋಡುತ್ತಿದ್ದ.

"ಸಾವಕಾರ್ರೆ," ಎಂದ ರಾಜೇಸಾಬ. ದನಿ ತನಗೇ ದೂರದಿಂದ ಬಂದಂತಿತ್ತು. "ನನಗ ಕೇಳಸಂಗಿಲ್ರಿ. ಎರಡು ವರ್ಷ ಆತು. ಪೂರಾ ಹೋಗ್ಯಾದ."

ಮೊದಲು ಮಾತಾಡಿದವಳು ಗುರುಬಾಯಿ, ಅವನ ಕಿವಿಯ ಹತ್ತಿರ ಬಾಗಿ, ದೊಡ್ಡ ದನಿಯಲ್ಲಿ. "ಮತ್ತ ಹ್ವಾದ ವರ್ಷ ನಮ್ಮ ಅಳಿಯನ ಗಾಡಿ ಹ್ಯಾಂಗ ಹಿಡದಿ?"

"ನಾ ಹಿಡೀಲಿಲ್ರಿ ಅವ್ವಾ. ಖಾಸೀಂಬಿ ಹಿಡದದ್ದು. ಎಲ್ಲಾ ಆಕೀನೇ. ಇಲ್ಲಿ ಕೂತು ಕೈ ಒತ್ತತಿದ್ಲು, ನಾ ಹೇಳ್ತಿದ್ದೆ." ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ.

ಶಿವಪ್ರಕಾಶ ಸ್ಟೀರಿಂಗಿಗೆ ಅಂಗೈ ಬಡಿದ. "ಹಂಗಾರ ಇಷ್ಟು ದೂರ ಬಂದದ್ದು ಸುಮ್ಮ ಆತು."

"ಬಾಯಿ ಮುಚ್ಚಲೇ!" ಎಂದ ಮಲ್ಲಣ್ಣ. ಆಮೇಲೆ ರಾಜೇಸಾಬನಿಗೆ ಕೈಸನ್ನೆ ಮಾಡಿ ಕೂಗಿದ. "ಆಕಿಗೆ ಫೋನ್ ಹಚ್ಚು."

ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ್ದು ಗುರುಬಾಯಿ. ಆಳಂದದಿಂದ ಮೊದಲು ಕೂಸಿನ ಅಳು ಬಂತು, ಹಿಂದೆ ಖಾಸೀಂಬಿಯ ದನಿ. ವಿಷಯ ಕೇಳಿದ ಕೂಡಲೇ ಅವಳು ಹುಷಾರಾದಳು. "ನನಗೇನು ತಿಳೀತದ್ರಿ ಅವ್ವಾ, ಒಲಿ ಮುಂದ ಕುಂಡ್ರಾಕಿ. ಅವರು ಜರಾ ಬರೋಬರಿ ಕೇಳಲಿ, ಅವರಿಗೇ ತಿಳೀತದ. ಅವರ ಕಿವಿ ನಿಮಗ ಗೊತ್ತಿಲ್ಲೇನ್ರಿ?"

ಅವಳು ಹೇಳಿದ್ದನ್ನು ಗುರುಬಾಯಿ ರಾಜೇಸಾಬನಿಗೆ ಕೂಗಿ ತಿಳಿಸಿದಳು. ಅವನು ಫೋನಿಗೆ ಬಾಯಿ ಹಚ್ಚಿ ಹೇಳಿದ: "ಎಲ್ಲಾ ಹೇಳೀನಿ ಬೇ. ಸಾವಕಾರ್ರ ಮುಂದ, ಅವ್ವಾರ ಮುಂದ. ಇನ್ನ ಮುಚ್ಚಿ ಇಡೂದು ಸಾಕು. ನೀ ಕೇಳಿ ಹೇಳು."

ಆ ಕಡೆ ಖಾಸೀಂಬಿ ಮೂಗು ಏರಿಸಿಕೊಂಡು, ಕೂಸನ್ನು ಯಾರ ಕೈಗೋ ಕೊಟ್ಟು, ಬೇರೆಯೇ ಹೆಂಗಸಿನ ಹಾಗೆ ಹುಕುಂ ಮಾಡಿದಳು. "ಫೋನ್ ಎಡಗಡಿ ಗಾಳಿ ಬರೂ ಜಾಳಿ ಬುಡಕ್ಕ ಇಡ್ರಿ. ಗಾಡಿ ತಿರಗಿಸಿ ಹೊಡೀರಿ. ಯಾರೂ ಮಾತಾಡಬ್ಯಾಡ್ರಿ."

ಮಲ್ಲಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಜಾಳಿಯ ಬುಡಕ್ಕೆ ಒಡ್ಡಿದ. ಒಂದು ಮೈಲಿ ಓಡುವಷ್ಟರಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. "ಕಂಪ್ರೆಸರ್ ಚಲೋ ಅದ್ರಿ, ದಮ್ ಹಿಡದು ಹತ್ತತದ. ಆದ್ರ ಮುಂದಿನ ಫ್ಯಾನ್ ಚಾಲೂ ಆತು ಅಂದ್ರ ಇಂಜಿನ್ ನರಳತದ, ಆಮ್ಯಾಲ ಟಿಕ್ ಅಂತ ಬಿಡತದ. ಫ್ಯಾನ್ ಬಂದ್ರ ಬ್ಯಾನಿ ಕಡಿಮಿ ಆಗಬೇಕು, ಇದಕ್ಕ ಹೆಚ್ಚಾಗಾಕತ್ತದ. ಫ್ಯಾನ್ ನೋಡಾಕ ಹೇಳ್ರಿ ಅವರಿಗೆ."

ಗುರುಬಾಯಿ ಕೂಗಿದ್ದೇ ತಡ, ರಾಜೇಸಾಬನ ಕಣ್ಣು ಅಗಲವಾದವು. ಎಲ್ಲಿ ನೋಡಬೇಕು ಎಂದು ಗೊತ್ತಾದ ಮೇಲೆ ಕೈ ಅವನದೇ. ಬಾನೆಟ್ ಎತ್ತಿದ, ಸೀಟಿನ ಮೇಲಿದ್ದ ಶಿವಪ್ರಕಾಶನ ಪೇಪರಿನ ಒಂದು ಚೂರು ಹರಿದು ಗಾಡಿಯ ಮೂತಿಯ ಜಾಳಿಯ ಮುಂದೆ ಹಿಡಿದ. ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು, ಪೇಪರು ಜಾಳಿಗೆ ಅಂಟಬೇಕು. ಅದು ಅಂಟುವ ಬದಲು ಪಟಪಟ ಹಾರಿ ಹೊಲಕ್ಕೆ ಹೋಯಿತು.

"ಉಲ್ಟಾ! ಫ್ಯಾನ್ ಉಲ್ಟಾ ತಿರಗಾಕತ್ತದ! ಓಡೂ ಗಾಡಿಗೆ ಎದುರು ಬರೂ ಗಾಳೀನ ಇದು ಹೊರಗ ದಬ್ಬಾಕತ್ತದ. ಯಾರ್ರೀ ಇದರ ವಾಯರ್ ಮುಟ್ಟಿದವರು?"

ಶಿವಪ್ರಕಾಶ ತನಗೇನೂ ಗೊತ್ತಿಲ್ಲವೆಂದು ಕೈಯಾಡಿಸಿದ. ಮಲ್ಲಣ್ಣ ಕೋಲಿನಿಂದ ನೆಲ ಕೆರೆದ, ಕೆಮ್ಮಿದ, ಆಕಾಶ ನೋಡಿದ.

"ತೊಗರಿ ರಾಶಿ ಹೊತ್ತಿನ್ಯಾಗ..." ಎಂದು ಸುರು ಮಾಡಿದ. "ಗಾಡಿ ಕಣದಾಗ ನಿಲ್ಲಸ್ತಿದ್ದೆ. ಹೊಟ್ಟು ಎಳಕೊಂಡು ಎಳಕೊಂಡು ಜಾಳಿ ತುಂಬತಿತ್ತು. ರಾಶಿ ಮಷೀನಿನ ಫ್ಯಾನ್ ಹೊಟ್ಟು ಹೊರಗ ತೂರತದ ಅಲ್ಲ? ಇದೂ ಹಂಗ ತೂರಲಿ ಅಂತ, ಪಂಪಸೆಟ್ ರಿಪೇರಿಯವನ ಕೈಲೆ ವಾಯರ್ ಅದಲಿ ಬದಲಿ ಮಾಡಿಸ್ದೆ. ಹೊಟ್ಟು ಭಾರಿ ಹಾರತಿತ್ತು ನೋಡು! ರಾಶಿ ಮುಗದ ಮ್ಯಾಲ ತಿರಗಿ ಮಾಡಸಬೇಕಿತ್ತು. ಮರತೆ."

ಶಿವಪ್ರಕಾಶ ತಲೆ ಮೇಲೆ ಕೈ ಹೊತ್ತ. "ಯಪ್ಪಾ! ಐದಾರು ಮಂದಿ ಮುಂದ ಗಾಡಿ ನಿಲ್ಲಸಿದಾಗ ಒಬ್ಬರಿಗರ ಹೇಳಿದ್ದ್ಯಾ?"

"ಅವರು ಕೇಳಿದ್ರ ಹೇಳ್ತಿದ್ದೆ," ಎಂದ ಮಲ್ಲಣ್ಣ, ದರ್ಪ ಬಿಡದೆ.

ಗುರುಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಫೋನಿನಲ್ಲಿ ಖಾಸೀಂಬಿಯೂ ನಕ್ಕಳು. ರಾಜೇಸಾಬನಿಗೆ ಎರಡು ವಾಯರು ಬಿಚ್ಚಿ ಅದಲು ಬದಲು ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಇನ್ನೊಂದು ಪೇಪರಿನ ಚೂರು ಜಾಳಿಗೆ ಗಪ್ಪನೆ ಅಂಟಿತು. ಥಂಡಿ ಗಾಡಿ ಮತ್ತೆ ಥಂಡಿಯಾಯಿತು. ಮಲ್ಲಣ್ಣ ಒಳಗೆ ಕೂತು ಗಾಳಿಗೆ ಮುಖವೊಡ್ಡಿ, "ಶಿವಾ, ಶಿವಾ," ಎಂದ. ಮಗನ ಕಡೆ ನೋಡಿ, "ಗುಜರಿಯವನಿಗೆ ಬರಬ್ಯಾಡ ಅಂತ ಹೇಳು," ಎಂದ. ಆಮೇಲೆ ರಾಜೇಸಾಬನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೂಗಿದ: "ಊರಾಗ ಹೇಳ್ತೇನಿ ನೋಡು. ಜೇವರ್ಗ್ಯಾಗ ಒಬ್ಬಾಕಿ ಅದಾಳ ಅಂತ. ನಿನಗ ಸಿಟ್ಟು ಬಂದ್ರ ಬರಲಿ."

"ಹೇಳ್ರಿ," ಎಂದ ರಾಜೇಸಾಬ. "ಎಲ್ಲಾರಿಗೂ ಹೇಳ್ರಿ."

ಫೋನು ಇನ್ನೂ ಕಡಿದಿರಲಿಲ್ಲ. ಗುರುಬಾಯಿ ಅದನ್ನು ತೆಗೆದುಕೊಂಡು, ರಸ್ತೆಯ ಬದಿಯ ಜಾಲಿಮರದ ನೆರಳಿಗೆ ಹೋಗಿ ನಿಂತು, ಹೆಣ್ಣುಮಕ್ಕಳು ಕೇಳುವಂಥ ಮಾತು ಕೇಳಿದಳು. "ಖರೆ ಹೇಳು ಬೇ. ಅವನಿಗೆ ಕೇಳಸಂಗಿಲ್ಲ ಅಂತ ನಿನಗ ಯಾವಾಗ ಗೊತ್ತಾತು? ಅವ ಅಂತೂ ಹೇಳಿರಾಕಿಲ್ಲ."

ಖಾಸೀಂಬಿ ಹೇಳಿದಳು. ಕೇಳುತ್ತ ಕೇಳುತ್ತ ಗುರುಬಾಯಿಯ ನಗು ಇಳಿಯಿತು. ಅವಳು ರಾಜೇಸಾಬನ ಹತ್ತಿರ ಬಂದು, ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದಳು.

"ನೀ ಶೆಡ್ಡಿನ್ಯಾಗ ಕೆಲಸಾ ಮಾಡ್ತಿದ್ದೆಂತ. ಆಕಿಗೆ ಡೌಟ್ ಬಂದಿತ್ತಂತ. ನಿನ್ನ ಬೆನ್ನ ಹಿಂದ ಬಂದು ನಿಂತು, ನಿನ್ನ ಹೆಸರು ಹಿಡದು ಕರದಾಳ. ಮೂರು ಸಲ. ನೀ ತಿರಗಿ ನೋಡಲಿಲ್ಲಂತ. ಒಳಗ ಹೋಗಿ ಅತ್ತಾಳ."

ಮದುವೆಯಾಗಿ ಮೂವತ್ತೈದು ವರ್ಷ. ಖಾಸೀಂಬಿ ಅವನನ್ನು 'ಅಜೀ' ಎಂದಿದ್ದಳು, 'ಏನ್ರಿ' ಎಂದಿದ್ದಳು, 'ಸಾಯಿರಾನ ಅಪ್ಪ' ಎಂದಿದ್ದಳು. ಹೆಸರು ಹಿಡಿದು ಕರೆದದ್ದೇ ಇಲ್ಲ. ಅವರ ಮನೆಯಲ್ಲಿ ಯಾವ ಹೆಂಗಸೂ ಗಂಡನ ಹೆಸರು ಹಿಡಿಯುವುದಿಲ್ಲ, ಗುರುಬಾಯಿಯ ಮನೆಯಲ್ಲೂ ಇಲ್ಲ. ಆ ದಿನ ಅವಳು ಹಿಡಿದಿದ್ದಳು, ಮೂರು ಸಲ, ಎರಡು ಮಾರು ದೂರದಲ್ಲಿ ನಿಂತು. ಇಲಿ ಮರಿಯ ಸದ್ದು, ಇರುವೆಯ ಸದ್ದು ಕೇಳಿದ ಕಿವಿ ಅದೊಂದನ್ನು ಕೇಳಲಿಲ್ಲ.

"ಮತ್ತೊಮ್ಮೆ ಕರಿ ಅಂತ ಹೇಳ್ರಿ ಆಕಿಗೆ," ಎಂದ.

ಗುರುಬಾಯಿ ಹೇಳಿದಳು. ಆ ಕಡೆ ಖಾಸೀಂಬಿ ನಾಚಿ ಬೇಡವೆಂದಳು, ಸಾಯಿರಾ ಪಕ್ಕದಲ್ಲಿದ್ದಾಳೆ ಎಂದಳು. ಗುರುಬಾಯಿ ಗದರಿದಳು. ರಾಜೇಸಾಬ ಫೋನು ಇಸಿದುಕೊಂಡು ಎಡಗಿವಿಗೆ ಒತ್ತಿದ, ಬಲಗಿವಿಗೆ ಒತ್ತಿದ. ಎರಡರಲ್ಲೂ ಅದೇ ಗೊಂಯ್. ಕೊನೆಗೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಬೆನ್ನಿಗೆ ಬೆರಳು ಹಚ್ಚಿ ಉಸಿರು ಬಿಗಿಹಿಡಿದ. ಅವಳ ದನಿಗೆ ಫೋನು ಸಣ್ಣಗೆ ಮೂರು ಸಲ ಅದುರಿತು.

"ಓ," ಎಂದ ರಾಜೇಸಾಬ. "ಇಲ್ಲೇ ಅದೇನಿ ಬೇ, ಹೇಳು."